ಗೋಡೆಯೊಳಗೆ ಯಾರೂ ಇಲ್ಲ

"ಹೇಳೇ. ನಮ್ಮತ್ತೆ ಕಳ್ಳಿ ಅಂತ ಹೇಳು. ಒಂದು ಮಾತು ಆಡಿದ್ರೆ ನಿನ್ನ ನಾಲಿಗೆ ಏನು ಉದುರಿ ಬೀಳುತ್ತಾ?"

ನಗೆಸಾಹೇಬ ಇದನ್ನು ನಗುನಗುತ್ತಲೇ ಕೇಳಿದ. ಅವನು ಕಸ ಗುಡಿಸುವ ನಮ್ಮೆಲ್ಲರ ಮೇಸ್ತ್ರಿ. ಅತಿಥಿಗಳ ಕಣ್ಣಿಗೆ ಬೀಳುವ ಕೆಲಸಗಾರರು ಸದಾ ನಗುತ್ತಿರಬೇಕೆಂಬುದು ಈ ಆಟದ ಪಾರ್ಕಿನ ಕಟ್ಟಳೆ. ನಾವು ಕಣ್ಣಿಗೆ ಬೀಳುವಂತೆಯೇ ಇಲ್ಲವಾದ್ದರಿಂದ ನಮಗೆ ಆ ತಾಪತ್ರಯವಿಲ್ಲ. ಅವನ ಮುಖ ಮಾತ್ರ ವರ್ಷಗಟ್ಟಲೆ ನಕ್ಕು ನಕ್ಕು ಹಾಗೇ ಕಟ್ಟಿಕೊಂಡುಬಿಟ್ಟಿದೆ. ಬಯ್ಯುವಾಗಲೂ ಹಲ್ಲು ಬಿಟ್ಟಿರುತ್ತಾನೆ. ನಮ್ಮತ್ತೆ ಸತ್ತ ಸುದ್ದಿ ಹೇಳುವಾಗಲೂ ಬಿಟ್ಟಿದ್ದ.

ಬೆಳಗಿನ ಹಾಜರಿಯ ಹೊತ್ತು. ಪಾರ್ಕಿನ ನೆಲದಡಿಯ ಕೋಣೆಯಲ್ಲಿ ಪೊರಕೆ ಹಿಡಿದು ಸಾಲಾಗಿ ನಿಂತಿದ್ದೆವು. ನನ್ನ ಪಕ್ಕದಲ್ಲಿ ಮಾವ. ಅವರು ಅತ್ತೆಯ ಮಣ್ಣು ಮುಗಿಸಿ ಬಂದಾಗಿನಿಂದ ತಲೆ ಎತ್ತಿ ಯಾರನ್ನೂ ನೋಡಿರಲಿಲ್ಲ.

"ನಮ್ಮತ್ತೆ ಬೇರೆಯವರ ಹುಲ್ಲುಕಡ್ಡಿ ಮುಟ್ಟಿದವಳಲ್ಲ ಸಾಹೇಬ್ರೇ" ಎಂದೆ.

"ಓಹೋ. ಹಾಗಿದ್ರೆ ಅತಿಥಿ ಮಗುವಿನ ಪಟ್ಟಿ ಅವಳ ಜೇಬಿಗೆ ಹೆಂಗೆ ಬಂತು? ರೆಕ್ಕೆ ಇತ್ತಾ ಅದಕ್ಕೆ?"

"ಎಲ್ಲೋ ಬಿದ್ದಿದ್ದು ಎತ್ತಿಟ್ಕೊಂಡಿರ್ತಾಳೆ. ಆಫೀಸಿಗೆ ಕೊಡೋಣ ಅಂತ."

"ಕೊಡೋಳು ಗೂಡೊಳಗೆ ಯಾಕೆ ಅವಿತ್ಕೊಂಡ್ಳು? ಉಸಿರು ಕಟ್ಟಿದಾಗ ಬಾಗಿಲು ಬಡೀಬಹುದಿತ್ತಲ್ಲ? ನಾವೇನು ಕಲ್ಲಾ, ತೆಗೀತಿರ್ಲಿಲ್ವಾ? ಯಾಕೆ ಬಡೀಲಿಲ್ಲ, ನಾನೇ ಹೇಳ್ತೀನಿ ಕೇಳು. ಸಿಕ್ಕಿಬೀಳ್ತೀನಿ ಅಂತ ಬಡೀಲಿಲ್ಲ, ಕಳ್ಳಮುಂಡೆ."

ಬಾಗಿಲು ಬಡಿದವರ ಗತಿ ಏನಾಗುತ್ತದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಕಳೆದ ಬೇಸಗೆಯಲ್ಲಿ ಕುಂಟಿ ಎಂದು ನಾವು ಕರೆಯುತ್ತಿದ್ದ ಹೆಂಗಸು ಗೂಡಿನೊಳಗೆ ತಲೆಸುತ್ತು ಬಂದು ಬಾಗಿಲು ಬಡಿದಳು. ಹೊರಗೆ ಫೋಟೋ ತೆಗೆಸಿಕೊಳ್ಳುತ್ತಿದ್ದ ಅತಿಥಿಗಳು ಬೆಚ್ಚಿಬಿದ್ದರು. ಅವತ್ತೇ ಇದೇ ನಗೆಸಾಹೇಬ ಅವಳ ಪೊರಕೆ ಕಿತ್ತುಕೊಂಡು ಗೇಟಿನಾಚೆ ನಿಲ್ಲಿಸಿ, "ಸಾಯಂಗಿದ್ರೂ ಸದ್ದು ಮಾಡಬಾರದು" ಎಂದು ನಮಗೆಲ್ಲ ಹೇಳಿದ್ದ. ನಮ್ಮತ್ತೆ ಹೇಳಿದ ಮಾತು ಚಾಚೂ ತಪ್ಪದೆ ಪಾಲಿಸುವವಳು.

"ಸಂಜೆ ಹಾಜರಿ ತನಕ ಟೈಮು ಕೊಟ್ಟಿದೀನಿ" ಎಂದ ನಗೆಸಾಹೇಬ. "ಮಾವ ಸೊಸೆ ಇಬ್ರೂ ಇಲ್ಲೇ ನಿಂತು ಎಲ್ರೆದುರಿಗೆ ಹೇಳ್ಬೇಕು. ಕದ್ಳು, ಅವಿತ್ಕೊಂಡ್ಳು, ಸತ್ಳು. ಗೂಡಿಂದೇನೂ ತಪ್ಪಿಲ್ಲ. ಹೇಳಿದ್ರೆ ಕೆಲಸಾನೂ ಇರುತ್ತೆ, ಮಲಗೋಕೆ ಕೋಣೆನೂ ಇರುತ್ತೆ. ಇಲ್ಲಾಂದ್ರೆ ಗಂಟುಮೂಟೆ ಕಟ್ಟಿ."

ನಮ್ಮ ಬಾಯಿಂದಲೇ ಬರಬೇಕೆಂಬ ಹಟ ಅವನಿಗೆ ಸುಮ್ಮನೆ ಬಂದದ್ದಲ್ಲ. ಅತ್ತೆ ಸತ್ತ ಮೇಲೆ ಹೆಂಗಸರು ಗೂಡಿನೊಳಗೆ ಹೋಗಲು ಹಿಂದೆ ಮುಂದೆ ನೋಡುತ್ತಿದ್ದರು. ಸತ್ತವಳು ಕಳ್ಳಿ ಎಂದು ಮನೆಯವರೇ ಒಪ್ಪಿಕೊಂಡರೆ ಉಳಿದವರ ಬಾಯಿಗೆ ತಾನಾಗಿ ಬೀಗ ಬೀಳುತ್ತದೆ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

ಈ ಪಟ್ಟಿ, ಗೂಡು ಎಂದರೆ ಏನೆಂದು ಹೇಳಿಬಿಡುತ್ತೇನೆ. ನೀವು ಅಲ್ಲಿಗೆ ಹೋಗಿದ್ದರೂ ಪಟ್ಟಿ ಮಾತ್ರ ಕಂಡಿರುತ್ತೀರಿ, ಗೂಡು ಕಂಡಿರುವುದಿಲ್ಲ. ಬರುವ ಪ್ರತಿ ಅತಿಥಿಯ ಮುಂಗೈಗೆ ಬಾಗಿಲಲ್ಲೇ ಬಣ್ಣದ ಪಟ್ಟಿ ಕಟ್ಟುತ್ತಾರೆ. ಕಟ್ಟಿಕೊಂಡವರ ಹೆಸರೇನು, ಯಾವ ಬಣ್ಣ ಇಷ್ಟ, ಯಾವ ಆಟಕ್ಕೆ ಹೆದರುತ್ತಾರೆ, ಈ ಗಳಿಗೆಯಲ್ಲಿ ಎಲ್ಲಿ ನಿಂತಿದ್ದಾರೆ, ಎಲ್ಲವೂ ಪಾರ್ಕಿಗೆ ಗೊತ್ತು. ಮಗುವೊಂದು ಹತ್ತಿರ ಬಂದರೆ ಕಂಬದ ದೀಪ ಅದರ ಮೆಚ್ಚಿನ ಬಣ್ಣಕ್ಕೆ ತಿರುಗುತ್ತದೆ. ಗೋಡೆಯ ಸ್ಪೀಕರು ಹೆಸರು ಹಿಡಿದು ಕರೆಯುತ್ತದೆ. ಕರಡಿ ವೇಷದವನು ಓಡಿಬಂದು ಅಪ್ಪಿಕೊಳ್ಳುತ್ತಾನೆ. ಹೆತ್ತ ತಾಯಿಗೂ ಇಷ್ಟೆಲ್ಲ ನೆನಪಿರುವುದಿಲ್ಲ.

ನಮ್ಮ ಕೈಗೂ ಒಂದು ಪಟ್ಟಿ ಉಂಟು, ಬೂದಿ ಬಣ್ಣದ್ದು. ಅದಕ್ಕೆ ನಮ್ಮ ಇಷ್ಟಕಷ್ಟ ಬೇಕಾಗಿಲ್ಲ. ಅತಿಥಿಯ ಪಟ್ಟಿ ಹತ್ತಿರ ಬಂತೆಂದರೆ ಗುರ್ರೆಂದು ಮಣಿಕಟ್ಟು ಅದುರಿಸುವುದಷ್ಟೇ ಅದರ ಕೆಲಸ. ಅದುರಿದ ಕೂಡಲೇ ಪೊರಕೆ ಎತ್ತಿಕೊಂಡು ಗೂಡಿಗೆ ನುಗ್ಗಬೇಕು. ಬೀದಿಯುದ್ದಕ್ಕೂ ಹೂಬಳ್ಳಿಯ ಚಿತ್ರ ಬರೆದ ಗೋಡೆಗಳಿವೆ, ಆ ಗೋಡೆಗಳಲ್ಲಿ ಗುರುತು ಸಿಗದ ಹಾಗೆ ಬಾಗಿಲುಗಳಿವೆ. ಒಳಗೆ ಒಬ್ಬರು ನಿಲ್ಲುವಷ್ಟು ಜಾಗ, ಕೂರಲಾಗದು. ಬೆನ್ನಿಗೆ ಯಂತ್ರಗಳ ಬಿಸಿಗಾಳಿ ಸಾಗಿಸುವ ಕೊಳವೆ. ಅತಿಥಿ ದೂರ ಸರಿಯುವ ತನಕ ಬಾಗಿಲು ತೆರೆಯುವುದಿಲ್ಲ, ಒಳಗಿನಿಂದ ಹಿಡಿಕೆಯಿಲ್ಲ. ಗುಡಿಸಿದ ನೆಲ ಕಾಣಬೇಕು, ಗುಡಿಸಿದವರು ಕಾಣಬಾರದು. ಮೊದಲ ದಿನ ಇದನ್ನು ಕೇಳಿ ಬಂದು ಮಾವ ನಕ್ಕಿದ್ದರು. "ಇದೇನು ಹೊಸದಾ? ನಮ್ಮಜ್ಜನ ಕಾಲದಲ್ಲಿ ನಾವೇ ಕೂಗ್ಕೊಂಡು ಹೋಗ್ಬೇಕಿತ್ತು, ಬರ್ತಾ ಇದೀವಿ ಅಂತ. ಈಗ ಕೈನೇ ಕೂಗುತ್ತೆ, ಗಂಟಲಾದ್ರೂ ಉಳೀತು" ಎಂದಿದ್ದರು.

ಅವತ್ತು ಅತ್ತೆ ಟೋಪಿ ಅಂಗಡಿಯ ಎದುರಿನ ಗೋಡೆಯ ಬಳಿ ಗುಡಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳ ಮಣಿಕಟ್ಟು ಅದುರಿತು. ಗೂಡಿಗೆ ಹೋದಳು. ಅದುರುವುದು ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ? ಮಗುವಿನ ಪಟ್ಟಿ ಅವಳ ಜೇಬಿನಲ್ಲೇ ಇತ್ತು. ಅವಳ ಕೈಗೆ ಕಟ್ಟಿದ ಪಟ್ಟಿಗೆ ಜೇಬಿನಲ್ಲಿದ್ದ ಪಟ್ಟಿಯೇ ಅತಿಥಿ. ಅತಿಥಿ ಪಕ್ಕದಲ್ಲೇ ಇದ್ದಾರೆ, ಇವಳು ಹೊರಗೆ ಬರಬಾರದು. ಬಾಗಿಲು ಕದಲಲಿಲ್ಲ. ಪಾಪಿ, ತನ್ನ ಜೇಬಿಗೆ ಹೆದರಿ ಅವಿತುಕೊಂಡಳು. ಯಾರೋ ದೊಡ್ಡ ಮನುಷ್ಯರು ಹೊರಗೆ ನಿಂತಿದ್ದಾರೆ, ಹೋಗುತ್ತಾರೆ, ಈಗ ಹೋಗುತ್ತಾರೆ ಎಂದು ಆ ಕಾವಿನಲ್ಲಿ ಕಾದಳು. ದೀಪ ಹತ್ತುವವರೆಗೂ ಕಾದಳು.

ಮನೆಗೆ ಹೊರಡುವಾಗ ಮಗುವಿನ ತಾಯಿ ಪಟ್ಟಿ ಕಳೆದಿದೆ ಎಂದಳು. ಆಫೀಸಿನವರು ಪರದೆ ನೋಡಿದರು, ಪಟ್ಟಿ ಟೋಪಿ ಅಂಗಡಿಯೆದುರು ಇದೆ ಎಂದು ತೋರಿಸಿತು. ಹುಡುಕಿಕೊಂಡು ಬಂದು ಹೊರಗಿನಿಂದ ಕೀಲಿ ಹಾಕಿ ಗೂಡು ತೆರೆದರು. ಪಟ್ಟಿ ಸಿಕ್ಕಿತು, ಅದರ ಜೊತೆಗೆ ಅತ್ತೆಯೂ ಸಿಕ್ಕಳು. ಪಟ್ಟಿಯನ್ನು ಒರೆಸಿ ಮಗುವಿನ ಕೈಗೆ ಕೊಟ್ಟು, ಕ್ಷಮೆ ಕೇಳಿ, ಕರಡಿಯ ಗೊಂಬೆಯೊಂದನ್ನು ಉಡುಗೊರೆ ಕೊಟ್ಟು ಕಳಿಸಿ, ಆಮೇಲೆ ನಮಗೆ ಹೇಳಿ ಕಳಿಸಿದರು.

ನನ್ನತ್ತೆ ಎಂದರೆ ನನಗೆ ಯಾರು ಎಂದು ನಗೆಸಾಹೇಬನಿಗೆ ಏನು ಗೊತ್ತು. ನನ್ನ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತಾಗ, ಅವನ ಬಟ್ಟೆಯ ಗಂಟನ್ನು ಬೀದಿಗೆಸೆದವಳು ಅವಳು. "ಮಗ ಹೋದ್ರೆ ಹೋಗ್ಲಿ, ಸೊಸೆ ಸಾಕು ನಂಗೆ" ಎಂದು ಓಣಿಯೆಲ್ಲ ಕೇಳುವ ಹಾಗೆ ಹೇಳಿದವಳು. ರಾತ್ರಿ ನಾನು ಅಳುತ್ತಿದ್ದರೆ, "ಅತ್ಕೋ, ಅತ್ಕೋ, ಬೆಳಿಗ್ಗೆ ಕಸ ಗುಡಿಸೋಕೆ ಕಣ್ಣೀರು ಬೇಡ" ಎಂದು ಬೆನ್ನು ತಟ್ಟುತ್ತಿದ್ದಳು. ಅಂಥವಳನ್ನು ನಾನು ಕಳ್ಳಿ ಎನ್ನಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಮ್ಮೆ ಅಂದಮೇಲೆ ಅವಳು ಸದಾಕಾಲಕ್ಕೂ ಕಳ್ಳಿಯೇ.

ಅತ್ತೆ ಸತ್ತ ಗೋಡೆಯ ಹತ್ತಿರ ಈಗ ಯಾರೂ ಒಬ್ಬರೇ ಹೋಗುವುದಿಲ್ಲ. ಬೆಳಿಗ್ಗೆ, ಗೇಟು ತೆರೆಯುವ ಮುಂಚೆ, ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲದಾಗ, ಆ ಗೋಡೆಯ ಸ್ಪೀಕರು ಮಾತಾಡುತ್ತದೆ. "ಗುಬ್ಬೀ, ಎಲ್ಲಿದ್ದೀಯಾ? ಬಾ, ಆಡೋಣ" ಎನ್ನುತ್ತದೆ. ಹೆಣ್ಣುದನಿ, ಸಕ್ಕರೆ ಪಾಕದಂಥದ್ದು. ಗುಬ್ಬಿ ಎಂದರೆ ಆ ಮಗುವಿನ ಮುದ್ದಿನ ಹೆಸರು. ಆ ದನಿ ಬಂದಾಗ ದೀಪವೂ ಹಳದಿಗೆ ತಿರುಗುತ್ತದೆ. ಹಳದಿ ಬೆಳಕಿನಲ್ಲಿ ಖಾಲಿ ಬೀದಿ, ಖಾಲಿ ಬೆಂಚು, ಮುಚ್ಚಿದ ಟೋಪಿ ಅಂಗಡಿ. ಅತ್ತೆ ಇನ್ನೂ ಒಳಗೇ ನಿಂತಿದ್ದಾಳೆ ಎಂದು ಹೆಂಗಸರು ಪಿಸುಗುಡುತ್ತಾರೆ.

ನಗೆಸಾಹೇಬನನ್ನು ಕೇಳಿದ್ದಕ್ಕೆ ಅವನು ಹಣೆ ಚಚ್ಚಿಕೊಂಡಿದ್ದ. "ದೆವ್ವವೂ ಇಲ್ಲ ಭೂತವೂ ಇಲ್ಲ. ಪಟ್ಟಿ ಅರ್ಧ ದಿನ ಅಲ್ಲೇ ನಿಂತಿತ್ತಲ್ಲ, ಆ ಮಗುವಿಗೆ ಪಾರ್ಕಲ್ಲೆಲ್ಲಾ ಅದೇ ಜಾಗ ಇಷ್ಟ ಅಂತ ಯಂತ್ರ ತಿಳ್ಕೊಂಡಿದೆ. ಕಾಯ್ತಾ ಇದೆ. ಅಷ್ಟೇ."

ಅತ್ತೆ ಬೆವರಿ, ಬಾಯಾರಿ, ನಿಂತಲ್ಲೇ ಸತ್ತ ಜಾಗ. ಮಗುವಿಗೆ ಬಹಳ ಇಷ್ಟವಾದ ಜಾಗ ಎಂದು ಅದು ಬರೆದುಕೊಂಡಿದೆ.

ಮಧ್ಯಾಹ್ನ ನೆಲದಡಿಯ ಕೋಣೆಯಲ್ಲಿ ಬುತ್ತಿ ಬಿಚ್ಚಿದೆವು. ಮಾವ ತುತ್ತು ಮುಟ್ಟಲಿಲ್ಲ.

"ಹೇಳ್ಬಿಡು ಮಗಾ" ಎಂದರು. "ಸತ್ತೋಳಿಗೆ ಏನಾಗ್ಬೇಕು? ಮಣ್ಣಾಗಿದಾಳೆ. ನಾಳೆ ನಾವು ಎಲ್ಲಿ ಮಲಗೋದು?"

"ನೀವು ಹೇಳ್ತೀರಾ ಮಾವ? ನಿಮ್ಮ ಬಾಯಲ್ಲಿ ಬರುತ್ತಾ?"

ಅವರು ಬುತ್ತಿಯ ಮುಚ್ಚಳವನ್ನು ತಿರುಗಿಸುತ್ತ, ಮುಚ್ಚುತ್ತ, ಮತ್ತೆ ತಿರುಗಿಸುತ್ತ ಕೂತರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು.

"ಅವತ್ತು ನಾನು ಅದೇ ಗೋಡೆಯ ಹಿಂದಿನ ಬೀದಿ ಕಡೆ ಗೂಡಲ್ಲೇ ಇದ್ದೆ."

ನಾನು ಕೈಯಲ್ಲಿದ್ದ ತುತ್ತನ್ನು ಬುತ್ತಿಗೆ ವಾಪಸು ಹಾಕಿದೆ.

"ಯಾರೋ ಬಂದ್ರು, ನುಗ್ದೆ. ಗೋಡೆ ಆಚೆ ಸ್ಪೀಕರು ಕರೀತಿತ್ತು, ಗುಬ್ಬೀ ಬಾ, ಗುಬ್ಬೀ ಬಾ ಅಂತ. ಮಧ್ಯೆ ಮಧ್ಯೆ ನಿಮ್ಮತ್ತೆ ದನಿ. ಮೆಲ್ಲಗೆ ಉತ್ತರ ಕೊಡ್ತಿದ್ಲು ಅದಕ್ಕೆ. 'ನಾನಲ್ಲ ಕಣಮ್ಮ, ಮಗು ಆ ಕಡೆ ಹೋಯ್ತು' ಅಂತ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದ್ಸಲ. 'ನಾನಲ್ಲ ಕಣಮ್ಮ.' ನಂಗೆ ನಗು ಬಂತು ಮಗಾ. ಮುದುಕಿಗೆ ಅರಳು ಮರಳು, ಯಂತ್ರದ ಜೊತೆ ಹರಟೆ ಹೊಡೀತಾವ್ಳೆ ಅಂದ್ಕೊಂಡೆ. ನನ್ನ ಕಡೆ ಬೀದಿ ಖಾಲಿಯಾಯ್ತು, ಬಾಗಿಲು ತೆರೀತು, ಹೊರಗೆ ಬಂದ್ಬಿಟ್ಟೆ."

"ಒಂದು ಕೂಗು ಹಾಕ್ಬಾರದಿತ್ತಾ ಮಾವ?"

"ಗೂಡಲ್ಲಿರೋವಾಗ ಯಾರು ಕೂಗ್ತಾರೆ? ನೀನು ಕೂಗಿದೀಯಾ?"

ನಾನು ಕೂಗಿಲ್ಲ. ಯಾರೂ ಕೂಗಿಲ್ಲ. ಕೋಪ ಬಂದದ್ದು ಮಾವನ ಮೇಲಲ್ಲ. ಸತ್ತವಳ ಮೇಲೆ ಬಂತು. ಒಂದು ಸಲ, ಒಂದೇ ಒಂದು ಸಲ ಕೈಯೆತ್ತಿ ಬಡಿದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಅತ್ತೆ? ಮಗನನ್ನೇ ಬೀದಿಗೆ ಅಟ್ಟಿದವಳಿಗೆ ಒಂದು ಹಲಗೆ ಬಾಗಿಲು ಬಡಿಯಲು ಕೈ ಬರಲಿಲ್ಲವೇ? ಹೀಗೆಲ್ಲ ಮನಸ್ಸಿನಲ್ಲೇ ಬೈದೆ. ಕಣ್ಣೀರು ಬುತ್ತಿಗೆ ಬಿತ್ತು. ಮಾವ ನನ್ನ ತಲೆಯ ಮೇಲೆ ಕೈಯಿಟ್ಟರು.

ಊಟವಾದ ಮೇಲೆ ನನ್ನನ್ನು ಟೋಪಿ ಅಂಗಡಿಯ ಬೀದಿಗೇ ಹಾಕಿದರು. ನಗೆಸಾಹೇಬ ಬೇಕೆಂತಲೇ ಹಾಕಿದ, ಬೋಳಿಮಗ. ಮಾವನಿಗೆ ಅದೇ ಬೀದಿಯ ಇನ್ನೊಂದು ತುದಿ. ನಾನು ಆ ಗೋಡೆಯಿಂದ ದೂರ ದೂರವೇ ಗುಡಿಸುತ್ತಿದ್ದೆ. ಅಷ್ಟರಲ್ಲಿ ಬೀದಿಯ ದೀಪಗಳು ಒಂದೊಂದಾಗಿ ಹಳದಿಗೆ ತಿರುಗತೊಡಗಿದವು, ಆ ತುದಿಯಿಂದ ಈ ತುದಿಗೆ. ಕರಡಿಯವನು ಓಡಿಬಂದು ಗೋಡೆಯ ಮುಂದೆ ನಿಂತ. ಸ್ಪೀಕರು ಮಾತಾಡಿತು.

"ಬಂದಳು, ನಮ್ಮ ಗುಬ್ಬಿ ಬಂದಳು! ನಿನಗೆ ತುಂಬ ಇಷ್ಟವಾದ ಜಾಗ ಇಲ್ಲೇ ಇದೆ. ನೆನಪಿದೆಯಾ?"

ನನ್ನ ಮಣಿಕಟ್ಟು ಅದುರಿತು. ಎದುರಿಗೆ ಅದೊಂದೇ ಗೂಡು. ಅವಳು ಸತ್ತ ಮೇಲೆ ಅದರೊಳಗೆ ಯಾರೂ ಅವಿತುಕೊಂಡಿರಲಿಲ್ಲ. ಹೋಗಬಾರದು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಕಾಲುಗಳು ತಾವಾಗಿ ಹೋಗಿ ಒಳಗೆ ನಿಂತಿದ್ದವು. ಚಾಳಿ ಎಂದರೆ ಅಷ್ಟು ಹೊಲಸು. ಬಾಗಿಲು ಮುಚ್ಚಿಕೊಂಡಿತು.

ಒಳಗೆ ಅದೇ ಕಾವು. ಬೆನ್ನ ಹಿಂದೆ ಕೊಳವೆ ಗುಂಯ್ ಎನ್ನುತ್ತಿತ್ತು. ಫಿನಾಯಿಲ್ ಹಾಕಿ ಒರೆಸಿದ್ದರು, ಆದರೂ ಅದರಡಿಯಲ್ಲಿ ಅತ್ತೆಯ ಮೈವಾಸನೆ ಬಂದ ಹಾಗಾಯಿತು. ಅವಳ ಬೆನ್ನು ತಾಗಿದ ಕಡೆ ನನ್ನ ಬೆನ್ನು, ಅವಳ ಕಾಲಿದ್ದ ಕಡೆ ನನ್ನ ಕಾಲು. ಬಾಗಿಲಿನ ಹೂವಿನ ಚಿತ್ರದ ನಡುವೆ ಒಂದು ಸಣ್ಣ ತೂತಿದೆ, ಅದಕ್ಕೆ ಕಣ್ಣಿಟ್ಟೆ.

ಮಗು ಬಂದು ನಿಂತಿತು. ಎರಡು ಜುಟ್ಟು, ಕೈಯಲ್ಲಿ ಹಳದಿ ಪಟ್ಟಿ. ಪಕ್ಕದಲ್ಲಿ ಅವಳ ಅಮ್ಮ. ಮರಳಿ ಬಂದ ಅತಿಥಿಗಳೆಂದು ನಗೆಸಾಹೇಬ ತಾನೇ ಜೊತೆಗೆ ಬಂದಿದ್ದ.

"ನೋಡಿ ಮೇಡಮ್, ಹೋದ ಸಲ ಪಾಪು ಇಲ್ಲೇ ಜಾಸ್ತಿ ಹೊತ್ತು ಇದ್ದಿದ್ದು. ಅದಕ್ಕೆ ಇವತ್ತಿನ ಆಟ ಎಲ್ಲ ಇಲ್ಲಿಂದಾನೇ ಶುರು" ಎಂದ.

"ಇಲ್ಲೇನಾ? ನಾವು ಇಲ್ಲಿ ನಿಂತೇ ಇರ್ಲಿಲ್ವಲ್ಲ" ಎಂದಳು ಅಮ್ಮ.

"ನಂಗೊತ್ತು" ಎಂದಿತು ಮಗು. "ಇದು ಅಜ್ಜಿ ಮನೆ."

"ಯಾವ ಅಜ್ಜಿ?"

"ಪೊರಕೆ ಅಜ್ಜಿ. ನಂಗೆ ಪಟ್ಟಿ ಕಡೀತಿತ್ತು. ಬಿಚ್ಚಿ ಅಜ್ಜಿ ಕೈಗೆ ಕೊಟ್ಟೆ. ಇಟ್ಕೊಂಡಿರು, ಜಾರುಬಂಡಿ ಆಡಿ ಬರ್ತೀನಿ ಅಂದೆ. ಅಜ್ಜಿ ಆಯ್ತು ಕಂದ ಅಂತು. ಆಮೇಲೆ ಗೋಡೆ ಒಳಗೆ ಹೋಯ್ತು. ನಂಗೆ ಮರ್ತೇ ಹೋಯ್ತು ಅಮ್ಮ."

ಕದ್ದಿರಲಿಲ್ಲ. ಬಿದ್ದದ್ದನ್ನು ಎತ್ತಿಕೊಂಡಿರಲೂ ಇಲ್ಲ. ಮಗು ನಂಬಿ ಕೈಗಿಟ್ಟದ್ದನ್ನು, ಅದು ಮರಳಿ ಬರುವ ತನಕ ಕಾಪಾಡಿಕೊಂಡು ನಿಂತಿದ್ದಳು. ನನಗೆ ಎದೆ ಬಿರಿಯುವಷ್ಟು ಸಂತೋಷವಾಯಿತು, ಅದರ ಬೆನ್ನಿಗೇ ಸಂಕಟವಾಯಿತು. ಈ ಮಾತನ್ನು ನಗೆಸಾಹೇಬ ಕೇಳಿದ್ದಾನೆ. ಮಗುವಿನ ಅಮ್ಮನೆದುರೇ ನಿಂತು ಕೇಳಿದ್ದಾನೆ. ಈಗಲಾದರೂ ಏನಾದರೂ ಹೇಳುತ್ತಾನೆ ಎಂದು ತೂತಿನಿಂದ ಅವನ ಮುಖವನ್ನೇ ನೋಡಿದೆ.

ಅವನ ನಗು ಕೂದಲೆಳೆಯಷ್ಟೂ ಅಲುಗಲಿಲ್ಲ. ಮಂಡಿಯೂರಿ ಮಗುವಿನ ಗಲ್ಲ ಹಿಡಿದ.

"ಅಜ್ಜಿ ಗಿಜ್ಜಿ ಯಾರೂ ಇಲ್ಲ ಪುಟ್ಟಾ. ನೀನು ಕನಸು ಕಂಡಿರ್ಬೇಕು. ಗೋಡೆ ಒಳಗೆ ಯಾರಾದ್ರೂ ಇರ್ತಾರಾ? ನೋಡು, ಕರಡಿ ಮಾಮ ಬಂದ."

"ಇವಳು ಹೀಗೇ, ಕತೆ ಕಟ್ತಾಳೆ" ಎಂದಳು ಅಮ್ಮ. "ನಡಿ ಗುಬ್ಬಿ, ರೈಲು ಹೊರಡುತ್ತೆ."

ಮಗು ಕೈ ಬಿಡಿಸಿಕೊಂಡು ಬಂದು ಹೂವಿನ ತೂತಿಗೆ ಕಣ್ಣಿಟ್ಟಿತು. ಅದರ ಕಣ್ಣು, ನನ್ನ ಕಣ್ಣು, ನಡುವೆ ಒಂದು ಹಲಗೆ.

"ಅಜ್ಜೀ, ಇದೀಯಾ?"

"ಗುಬ್ಬೀ, ಬಾ ಆಡೋಣ" ಎಂದಿತು ನನ್ನ ತಲೆಯ ಮೇಲಿನ ಸ್ಪೀಕರು.

ನಾನಲ್ಲ ಕಣಮ್ಮ ಎಂದು ಅತ್ತೆ ಹೇಳಿದ ಹಾಗೆ ನನಗೂ ಹೇಳಬೇಕೆನ್ನಿಸಿತು, ಹೇಳಲಾಗಲಿಲ್ಲ. ಹೊರಗೆ ಅಮ್ಮ ಮಗುವಿನ ರಟ್ಟೆ ಹಿಡಿದಳು. "ಯಾರೂ ಇಲ್ಲ ಅಂದ್ರಲ್ಲ ಅಂಕಲ್. ಬಾ."

ಆಗ ಬಡಿದೆ. ಅಂಗೈಯಿಂದ ಬಡಿದೆ. ಹಲಗೆ ದಡ್ಡೆಂದಿತು. ಹೊರಗೆ ಕರಡಿಯವನು ಕುಣಿಯುವುದನ್ನು ನಿಲ್ಲಿಸಿದ. ಅಮ್ಮ ಕಿರುಚಿ ಮಗುವನ್ನು ಎಳೆದುಕೊಂಡಳು, ಮಗು ಬರಲೊಲ್ಲದೆ ಅಲ್ಲೇ ಕೂತುಬಿಟ್ಟಿತು. ಮುಷ್ಟಿ ಕಟ್ಟಿ ಬಡಿದೆ. ಪೊರಕೆ ತಿರುಗಿಸಿ ಹಿಡಿದು ಅದರ ಕೋಲಿನಿಂದ ಬಡಿದೆ. "ಏ, ನಿಲ್ಸೇ ಲೌಡಿ" ಎಂದು ನಗೆಸಾಹೇಬ ಬಾಗಿಲಿನ ಸಂದಿಗೆ ಬಾಯಿಟ್ಟು ಹಲ್ಲು ಕಚ್ಚಿ ಹೇಳಿದ. ನಾನು ಅವನ ಬಾಯಿ ಇದ್ದಲ್ಲಿಗೇ ಇನ್ನೊಂದು ಏಟು ಹಾಕಿದೆ.

ಸುತ್ತ ಜನ ಸೇರತೊಡಗಿದರು. ಅವರ ಕೈಯ ಬಣ್ಣದ ಪಟ್ಟಿಗಳು ಸೇರಿದಷ್ಟೂ ನನ್ನ ಮಣಿಕಟ್ಟು ಮೊಳಕೈವರೆಗೆ ಅದುರಿತು. ಅಷ್ಟು ಜನ ಅತಿಥಿಗಳು ನಿಂತಿರುವಾಗ ಆ ಬಾಗಿಲು ತೆರೆಯುವ ಮಾತೇ ಇಲ್ಲವೆಂದು ನನಗೆ ಗೊತ್ತಿತ್ತು. ಬೆವರು ಕಣ್ಣಿಗಿಳಿದು ತೂತು ಮಂಜಾಯಿತು.

ಆಮೇಲೆ ಬೀದಿಯ ಆ ತುದಿಯಿಂದ ಒಂದು ಸದ್ದು ಕೇಳಿಸಿತು. ನಿಧಾನಕ್ಕೆ, ಒಂದೊಂದೇ ಏಟು, ಮುದುಕರ ಕೈಯದು. ಮಾವ. ಅವರ ಏಟು ಬಿದ್ದ ಮೇಲೆ ಟೋಪಿ ಅಂಗಡಿಯ ಹಿಂದಿನ ಗೋಡೆ ಬಡಿಯಿತು. ರೈಲು ನಿಲ್ದಾಣದ ಗೋಡೆ ಬಡಿಯಿತು. ಹೂಬಳ್ಳಿಯ ಗೋಡೆಗಳು, ಚಿಟ್ಟೆಯ ಗೋಡೆಗಳು, ಎಲ್ಲೆಲ್ಲಿ ನಮ್ಮವರಿದ್ದರೋ ಅಲ್ಲೆಲ್ಲ ಒಳಗಿನಿಂದ ಬಡಿತ ಶುರುವಾಯಿತು. ಅತಿಥಿಗಳು ಬೀದಿಯ ನಟ್ಟನಡುವೆ ಒಬ್ಬರಿಗೊಬ್ಬರು ಅಂಟಿಕೊಂಡು ಗೋಡೆಗಳನ್ನು ನೋಡುತ್ತ ನಿಂತರು. ಅವರ ಮಧ್ಯೆ ನಗೆಸಾಹೇಬ ಕೈ ಮುಗಿಯುತ್ತ, "ಏನಿಲ್ಲ, ಏನಿಲ್ಲ, ಇದೂ ಆಟವೇ" ಎಂದು ನಗುತ್ತ ಓಡಾಡುತ್ತಿದ್ದ.

ಮಗು ಮಾತ್ರ ಕದಲದೆ ನನ್ನ ಬಾಗಿಲ ಮುಂದೆ ಕೂತಿತ್ತು. ಅದು ಅಲ್ಲಿರುವ ತನಕ ಬಾಗಿಲು ತೆರೆಯುವುದಿಲ್ಲ. ಒಳಗೆ ಕಾವು ಏರುತ್ತಿತ್ತು, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ನಾನು ಕೈ ಬದಲಿಸಿ ಮತ್ತೆ ಬಡಿದೆ.